ಮಿಷನ್ನಿಗೆ ಒಸಿ ತುಪ್ಪ

ತಿನ್ನುವ ಪದಾರ್ಥದಲ್ಲಿ ವಿಷ ಇದೆಯೋ ಇಲ್ಲವೋ ಅಂತ ಹುಡುಕುವುದು ನನ್ನ ಉದ್ಯೋಗ. ರಾಮನಗರದ ಒಂದು ಸಣ್ಣ ಲ್ಯಾಬಿನಲ್ಲಿ ಇಷ್ಟು ವರ್ಷ ಕೂತು ನನಗೆ ಸಿಕ್ಕಿದ್ದರಲ್ಲಿ ವಿಷ ಕಮ್ಮಿ, ನಗುವೇ ಜಾಸ್ತಿ. ಭಾರೀ ಗಂಭೀರ ಕೆಲಸ ಅಂತ ಮುಖ ಬಿಗಿದುಕೊಂಡಷ್ಟೂ ನಗುವ ಪ್ರಸಂಗಗಳೇ ಹುಡುಕಿಕೊಂಡು ಬರುತ್ತವೆ. ಹೊಂಗನೂರಿನ ಖಾರದ ಪುಡಿ ಒಂದೇ ನಮ್ಮನ್ನು ಏನೇನು ಮಾಡಿತು ಹೇಳುತ್ತೇನೆ, ಕೇಳಿ.

ಸ್ಯಾಂಪಲ್

ಹೊಂಗನೂರಿನ ಹೆಂಗಸರ ಸಂಘದವರು ಖಾರದ ಪುಡಿ ಮಾಡುತ್ತಿದ್ದರು. ಚನ್ನಪಟ್ಟಣದ ಒಂದು ಹಾಸ್ಟೆಲ್ಲಿನವರು ಪುಡಿ ತಗೊಳ್ಳಲು ಒಪ್ಪಿದ್ದರು. ಆದರೆ ಅದರಲ್ಲಿ ಕಲಬೆರಕೆ ಬಣ್ಣ ಇಲ್ಲ ಅಂತ ಲ್ಯಾಬಿನ ರಿಪೋರ್ಟ್ ಬೇಕಿತ್ತು. ಸ್ಯಾಂಪಲ್ ತರಲು ನಾನೇ ಹೋದೆ.

ಸಂಘದ ಯಜಮಾನಮ್ಮ ಒಂದು ಸ್ಟೀಲ್ ಡಬ್ಬಿ ಕೈಗಿಟ್ಟರು. ಮುಚ್ಚಳ ತೆಗೆದರೆ ಬಿಸಿ ಅನ್ನ, ಅದಕ್ಕೆ ಖಾರದ ಪುಡಿ ಕಲಸಿ ಮೇಲೆ ತುಪ್ಪ!

"ಅಮ್ಮಾ, ಇದು ನನಗಲ್ಲ, ಮಿಷನ್ನಿಗೆ. ಬರೀ ಪುಡಿ ಕೊಡಿ," ಅಂದೆ.

"ಗೊತ್ತು ಕಣಪ್ಪ, ಮಿಷನ್ನಿಗೇ ಮಾಡಿರದು. ಬರೀ ಖಾರ ಹಾಕಿದ್ರೆ ತಡ್ಕಂಡದಾ ಅದು? ಅದ್ಕೇ ಒಸಿ ತುಪ್ಪ ಬುಟ್ಟಿವ್ನಿ."

ಮಾರುವ ಪುಡಿಯನ್ನೇ ಮೂಟೆಯಿಂದ ತೆಗೆದು ಸೀಲ್ ಮಾಡಿಕೊಂಡೆ. ಅನ್ನವನ್ನು ಅಲ್ಲೇ ಜಗುಲಿ ಮೇಲೆ ಕೂತು ನಾನೇ ಪರೀಕ್ಷೆ ಮಾಡಿದೆ. ಯಾವ ದೋಷವೂ ಕಂಡುಬರಲಿಲ್ಲ.

ಬಸ್ಸಿನಲ್ಲಿ

ವಾಪಸ್ ಬರುವಾಗ ಚನ್ನಪಟ್ಟಣದಲ್ಲಿ ಹತ್ತಿದ ಬಸ್ಸು ತುಂಬಿ ತುಳುಕುತ್ತಿತ್ತು. ನನ್ನ ಚೀಲದ ಮೇಲೆ ದಪ್ಪ ಅಕ್ಷರದಲ್ಲಿ 'ವಿಷ ಪರೀಕ್ಷೆಗಾಗಿ' ಅಂತ ಚೀಟಿ ಅಂಟಿಸಿತ್ತು. ರೇಷ್ಮೆಗೂಡಿನ ಮೂಟೆ ಇಟ್ಟುಕೊಂಡು ಮಾರ್ಕೆಟ್ಟಿಗೆ ಹೊರಟಿದ್ದ ರೈತ ಅದನ್ನು ಗಟ್ಟಿಯಾಗಿ ಓದಿದ.

"ಸಾ, ಒಸಿ ಆಕಡೀಕ್ ನಿಂತ್ಕಳಿ. ನನ್ ಗೂಡಿಗೆ ಏನಾರ ತಗಲ್ಬುಟ್ರೆ ಹರಾಜ್ನಾಗೆ ಯಾವನ್ ಮೂಸ್ತಾನೆ?"

"ಒಳಗೆ ಇರೋದು ಖಾರದ ಪುಡಿ ಕಣಯ್ಯಾ!"

"ಮತ್ತೆ ವಿಷ ಅಂತ ಬರ್ದೈತೆ?"

ನಾನು ವಿವರಿಸಿ ಮುಗಿಸುವಷ್ಟರಲ್ಲಿ ಪಕ್ಕದ ಸೀಟೆಲ್ಲ ಖಾಲಿಯಾಗಿತ್ತು. ಕಿಟಕಿ ಪಕ್ಕ ಕಾಲು ನೀಡಿಕೊಂಡು ರಾಮನಗರ ಸೇರಿದೆ. ಅವತ್ತಿನಿಂದ ನನ್ನ ಊಟದ ಡಬ್ಬಿಯೂ ಅದೇ ಚೀಲದಲ್ಲಿ ಓಡಾಡುತ್ತಿದೆ.

ಬೆಟ್ಟ ಎದ್ದಿತು

ನಮ್ಮ ಮಿಷನ್ನು ಪುಡಿಯ ಸಾರವನ್ನು ಒಂದು ಸಣ್ಣ ಕೊಳವೆಯಲ್ಲಿ ನುಗ್ಗಿಸಿ, ಅದರೊಳಗೆ ಇರುವುದನ್ನೆಲ್ಲ ಬೇರೆ ಬೇರೆ ಮಾಡುತ್ತದೆ. ಕಲಬೆರಕೆ ಬಣ್ಣ ಇಲ್ಲದಿದ್ದರೆ ಪರದೆ ಮೇಲೆ ಗೆರೆ ಸಪಾಟು, ಇದ್ದರೆ ಗೆರೆ ಮೇಲೇಳುತ್ತದೆ. ಹೊಂಗನೂರಿನ ಪುಡಿ ಹಾಕಿದೆ. ರಾಮದೇವರ ಬೆಟ್ಟದಷ್ಟು ಎದ್ದಿತು. ಬಟ್ಟೆಗೆ ಹಾಕುವ ಕೆಂಪು ಬಣ್ಣ!

ಸುದ್ದಿ ಕೇಳಿ ಯಜಮಾನಮ್ಮ ಓಡಿಬಂದರು. "ನಮ್ ಮಾಳಿಗೆ ಮ್ಯಾಲೇ ಒಣಗಿಸಿ ನಾವೇ ಕುಟ್ಟಿರದು. ಬಣ್ಣ ಎಲ್ಲಿಂದ ಬಂದದು? ಆರ್ಡರ್ ಓದ್ರೆ ಓಗ್ಲಿ, ಮಕ್ಕಳಿಗೆ ವಿಷ ಇಕ್ದೋರು ಅಂತಾರಲ್ಲ ಜನ, ನಾನ್ ಊರ್ನಾಗೆ ಎಂಗ್ ಓಡಾಡ್ಲಿ?" ಅಂತ ಕಣ್ಣೀರು ಹಾಕಿದರು. ಅವರ ಅನ್ನ ತಿಂದಿದ್ದ ನಾನು ರಿಪೋರ್ಟಿಗೆ ಸಹಿ ಹಾಕದೆ ಪೆನ್ನು ಕೆಳಗಿಟ್ಟೆ.

ಯಾಕೋ ಅನುಮಾನ ಬಂದು, ಪುಡಿಯನ್ನೇ ಹಾಕದೆ, ಸಾರ ತೆಗೆಯುವ ಬರೀ ದ್ರಾವಣವನ್ನು ಮಿಷನ್ನಿಗೆ ಬಿಟ್ಟೆ. ಬೆಟ್ಟ ಮತ್ತೆ ಎದ್ದಿತು!

ನಮ್ಮ ಸಾಹೇಬರು ಕೆಂಡವಾದರು. ದ್ರಾವಣದ ಬಾಟಲಿ ಒಂದೊಂದನ್ನೇ ಬಿಚ್ಚಿ ನೋಡಿದರೆ ಪ್ರತಿ ಮುಚ್ಚಳದ ಒಳಗೂ ಒಂದೊಂದು ಕುಂಕುಮದ ಬೊಟ್ಟು. ಅಂಗಡಿಯ ಅಗ್ಗದ ಕುಂಕುಮಕ್ಕೆ ಬೆರೆಸುವುದೂ ಅದೇ ಬಟ್ಟೆಯ ಬಣ್ಣ. ಹಿಂದಿನ ವಾರ ಆಯುಧ ಪೂಜೆ ಮಾಡಿದ್ದ ಅಟೆಂಡರನನ್ನು ಕರೆಸಿದರು.

"ಒಳಗೆ ಯಾಕೋ ಇಟ್ಟೆ?"

"ವರ್ಷಾ ವರ್ಷಾ ಆಚೆ ಕಡೆ ಇಟ್ರೆ ನೀವು ಒರೆಸಿಬುಡ್ತೀರಲ್ಲ ಸಾ! ಅದ್ಕೇ ನಿಮ್ ಕಣ್ಣಿಗೆ ಬೀಳ್ದಂಗೆ ಒಳೀಕ್ ಇಟ್ಟೆ."

ಸಾಹೇಬರು ಅವತ್ತೇ ಬಾಗಿಲಿಗೆ ರೂಲ್ಸು ಅಂಟಿಸಿದರು: ಹಣೆಯಲ್ಲಿ ಕುಂಕುಮ, ವಿಭೂತಿ, ಗಂಧ ಏನೇ ಇದ್ದರೂ ಒರೆಸಿಕೊಂಡೇ ಒಳಗೆ ಬರಬೇಕು. ಕಾವಲಿಗೆ ಅದೇ ಅಟೆಂಡರ್.

ಪ್ರಸಾದ

ಹೊಸ ಬಾಟಲಿ, ಹೊಸ ದ್ರಾವಣದಲ್ಲಿ ಮತ್ತೆ ಪರೀಕ್ಷೆ ಮಾಡಿದೆ. ಗೆರೆ ಗದ್ದೆ ಬಯಲಿನ ಹಾಗೆ ಸಪಾಟು. ನನಗಂತೂ ಕುಣಿಯುವಷ್ಟು ಖುಷಿ.

ರಿಪೋರ್ಟಿಗೆ ಬಂದ ಯಜಮಾನಮ್ಮ ದಾರಿಯಲ್ಲಿ ಕೆಂಗಲ್ಲಿನಲ್ಲಿ ಇಳಿದು ಆಂಜನೇಯನಿಗೆ ಹರಕೆ ಒಪ್ಪಿಸಿ ಬಂದಿದ್ದರು. ಸಾಹೇಬರು ಬಾಗಿಲಲ್ಲೇ ರಿಪೋರ್ಟ್ ಕೊಟ್ಟರು. ಅದನ್ನು ಕಣ್ಣಿಗೊತ್ತಿಕೊಂಡ ಅಮ್ಮ, "ನಮ್ ಮಾನ ಉಳಿಸ್ತು ಕಣಪ್ಪ ಆ ಮಿಷನ್ನು," ಅನ್ನುತ್ತಾ ಪ್ರಸಾದದ ಎಲೆ ಪೊಟ್ಟಣ ಬಿಚ್ಚಿ, ಮೂರು ಬೆರಳ ತುಂಬ ಸಿಂಧೂರ ತೆಗೆದುಕೊಂಡು ಮಿಷನ್ನಿಗೆ ಇಡಲು ಒಳಗೆ ನುಗ್ಗಹೊರಟರು.

"ಬ್ಯಾಡಾ!" ಅಂತ ಇಡೀ ಲ್ಯಾಬು ಕೂಗಿಕೊಂಡಿತು. ಸಾಹೇಬರು ಎರಡೂ ಕೈ ಚಾಚಿ ಅಡ್ಡ ನಿಂತರು.

ಅಮ್ಮ ಬೆರಳು ನೋಡಿಕೊಂಡರು. ಪ್ರಸಾದ ನೆಲಕ್ಕೆ ಉದುರಿಸುವ ಹಾಗಿಲ್ಲ. ಎದುರಿಗೆ ಸಾಹೇಬರ ಬೋಳು ಹಣೆ ವಿಶಾಲವಾಗಿತ್ತು. "ನಿಮ್ಗೂ ಒಳ್ಳೇದಾಗ್ಲಿ," ಅಂತ ಈ ಕಿವಿಯಿಂದ ಆ ಕಿವಿಯವರೆಗೆ ಬಳಿದುಬಿಟ್ಟರು.

ಸಾಹೇಬರು ತಿರುಗಿ ಒಳಗೆ ಕಾಲಿಡಬೇಕು, ಅಟೆಂಡರ್ ಬಾಗಿಲಿಗೆ ಕೈ ಅಡ್ಡ ಹಾಕಿದ.

"ರೂಲ್ಸು ಸಾ. ಒರೆಸ್ಕಂಡ್ ಬನ್ನಿ."

ಸಾಹೇಬರು ಜೇಬಿನಿಂದ ಕರ್ಚೀಫು ತೆಗೆದರು. ಯಜಮಾನಮ್ಮ ಕೈ ಮುಗಿದುಕೊಂಡು ಅವರ ಹಣೆಯನ್ನೇ ನೋಡುತ್ತಾ ನಿಂತಿದ್ದರು. ಕರ್ಚೀಫು ಮೆಲ್ಲಗೆ ಜೇಬಿಗೆ ವಾಪಸ್ ಹೋಯಿತು.

"ಕುರ್ಚಿ ಆಚೆಗೆ ಹಾಕಯ್ಯಾ," ಅಂದರು ಸಾಹೇಬರು. "ಪ್ರಸಾದ, ಹೇಗೆ ಒರೆಸೋದು?"