ಒಂಬತ್ತನೇ ಮನೆಯ ಹಸಿರು ರೋವರ್

ಎಲ್ಲಾ ಶುರುವಾದದ್ದು ಪೇಪರ್ ಅಂಗಡಿಯ ಕಿಟಕಿಗೆ ಅಂಟಿಸಿದ್ದ ಒಂದು ಚೀಟಿಯಿಂದ. ‘ರೋವರ್ 2000 ಕಾರು, 1966ರದ್ದು, ಹಸಿರು ಬಣ್ಣ, ಮಾರಾಟಕ್ಕಿದೆ. ಮಿಸೆಸ್ ಲವೆಟ್, ಒಂಬತ್ತನೇ ಮನೆ.’ ಇಂಗ್ಲೆಂಡಿನ ನಮ್ಮ ಸೋಲಿಹಲ್ ಊರಿನ ವಿಲ್ಫ್ರೆಡ್ ಪಾರ್ಜಿಟರ್ ಅದನ್ನು ಮೂರು ಸಲ ಓದಿ, ಹಾಲು ಕೊಳ್ಳುವುದನ್ನೂ ಮರೆತು ಮನೆಗೆ ಓಡಿದ.

ಪಾಪ, ಓಡದೆ ಏನು ಮಾಡಿಯಾನು? ಹದಿನೇಳನೇ ವಯಸ್ಸಿಗೇ ಊರಿನ ರೋವರ್ ಕಾರ್ಖಾನೆ ಸೇರಿ ಆ ಕಾರುಗಳಿಗೆ ಚರ್ಮದ ಸೀಟು ಕೂರಿಸಿದವನು. ಕೂರಿಸಿದ್ದೇ ಬಂತು, ಓಡಿಸಿದ್ದಿಲ್ಲ. ಅವೆಲ್ಲ ಡಾಕ್ಟರರಿಗೆ, ಬ್ಯಾಂಕ್ ಮ್ಯಾನೇಜರರಿಗೆ. ಡಾಕ್ಟರ್ ಲವೆಟ್ ಬದುಕಿದ್ದಷ್ಟು ಕಾಲ, ಅವರ ರೋವರ್ ಬೀದಿಯಲ್ಲಿ ಹಾದಾಗಲೆಲ್ಲ ಇವನು ಗುಲಾಬಿ ಕತ್ತರಿಸುವ ನೆಪದಲ್ಲಿ ನಿಂತು ನೋಡುತ್ತಿದ್ದ. ಗುಲಾಬಿ ಗಿಡ ಬೋಳಾಯಿತು, ಆಸೆ ತೀರಲಿಲ್ಲ.

“ಏನಯ್ಯಾ, ಮುಖ ಹಿಂಗೆ ಅರಳಿದೆ?” ಬೇಲಿಯಾಚೆಯಿಂದ ಪಕ್ಕದ ಮನೆಯ ರೆಗ್ ಟಿಪ್ಪಿಂಗ್ ಕತ್ತು ಚಾಚಿದ. ವಿಷಯ ಕೇಳಿ ತಲೆ ಚಚ್ಚಿಕೊಂಡ. “ಈ ಮುಖ ಹೊತ್ಕೊಂಡು ಹೋದ್ರೆ ಆಯಮ್ಮ ರೇಟು ಡಬಲ್ ಮಾಡ್ತಾಳೆ. ಹೊಗಳಲೇಬೇಡ. ಬರೀ ಹುಳುಕು ಹುಡುಕು.”

“ಹುಳುಕಾ? ಆ ಕಾರಲ್ಲಾ?”

“ಇಲ್ದಿದ್ರೆ ಹುಟ್ಟಿಸು ಮಾರಾಯ! ಆಮೇಲೆ ಸಂಜೆವರೆಗೂ ಕಾಯಿಸು.”

ಮಿಸೆಸ್ ಲವೆಟ್ ಮೊದಲು ಟೀ ಕೊಟ್ಟರು, ಆಮೇಲೆ ಗ್ಯಾರೇಜು ತೆರೆದರು. ಕಡುಹಸಿರು ಮೈ, ಒಳಗೆ ದ್ರಾಕ್ಷಿ ಬಣ್ಣದ ಚರ್ಮ. ಈ ಸೀಟು ನಾನೇ ಕೂರಿಸಿದ್ದಿರಬಹುದು ಅನ್ನಿಸಿತು ವಿಲ್ಫ್ರೆಡ್‌ಗೆ. ಕರವಸ್ತ್ರದಲ್ಲಿ ಮೂಗು ಒರೆಸಿಕೊಂಡು ಶುರು ಮಾಡಿದ.

“ಬಣ್ಣ ಮಂಕಾಗಿದೆ.”

“ಅಯ್ಯೋ, ಸಾರಿ.”

“ಬಾಗಿಲು ಭಾರ.”

“ತುಂಬಾ ಸಾರಿ.”

ತಮ್ಮ ಕಾಲು ತುಳಿದವರಿಗೂ ಸಾರಿ ಹೇಳುವ ಜನ ನಮ್ಮ ಬೀದಿಯವರು. ವಿಲ್ಫ್ರೆಡ್ ಹನ್ನೊಂದು ಹುಳುಕು ಹೇಳಿದ, ಹನ್ನೊಂದು ಸಾರಿ ಸಿಕ್ಕಿತು. ಹನ್ನೊಂದೂ ಹಸಿ ಸುಳ್ಳು.

ಯೋಚಿಸಿ ಸಂಜೆ ಹೇಳ್ತೀನಿ ಅಂತ ಮನೆಗೆ ಬಂದವನು, ನಾಲ್ಕು ಗಂಟೆಗೇ ಹೊಸ ಟೈ ಕಟ್ಟಿಕೊಂಡು ಹೋಗಿ ಬಾಗಿಲು ತಟ್ಟಿದ.

“ನೀವು ಹೋದ್ಮೇಲೆ ನಂಗೆ ಊಟಾನೇ ಸೇರ್ಲಿಲ್ಲ,” ಎಂದರು ಮಿಸೆಸ್ ಲವೆಟ್. “ಅಂಥಾ ಕಾರನ್ನ ಬೀದಿಯವರಿಗೇ ಮಾರಿ, ನಾಳೆ ಯಾವ ಮುಖ ಇಟ್ಕೊಂಡು ಗುಡ್ ಮಾರ್ನಿಂಗ್ ಹೇಳ್ಲಿ? ಪೇಪರಲ್ಲೂ ಹಾಕಿಸಿದ್ದೆ, ಅದನ್ನ ನೋಡಿ ಆಕ್ಸ್‌ಫರ್ಡಿಂದ ಒಬ್ರು ಫೋನ್ ಮಾಡಿದ್ರು. ನೀವು ಹೇಳಿದ್ದನ್ನ ಒಂದೂ ಬಿಡದೆ ಹೇಳ್ದೆ. ಪರವಾಗಿಲ್ಲ ಅಂದ್ರು. ಅವರಿಗೇ ಕೊಟ್ಬಿಟ್ಟೆ.”

“ಮೇಡಂ, ನಾನು ಹೇಳಿದ್ದೆಲ್ಲ ಸುಳ್ಳು! ಅದು ಬಂಗಾರದಂಥ ಕಾರು!”

ಮಿಸೆಸ್ ಲವೆಟ್ ಅವನ ಕೈ ತಟ್ಟಿದರು. “ನನ್ನ ಸಮಾಧಾನಕ್ಕೆ ಹಾಗನ್ನಬೇಡಿ. ನೀವು ತುಂಬಾ ಒಳ್ಳೆಯವರು. ಅವರು ಆರೂವರೆ ರೈಲಿಗೆ ಬರ್ತಾರೆ, ನಂಗೆ ಡ್ರೈವಿಂಗ್ ಬರಲ್ಲ. ಕಾರನ್ನ ಸ್ಟೇಷನ್‌ಗೆ ಒಯ್ದು ಕೊಟ್ಟು ಬರ್ತೀರಾ?”

ಸ್ಟೇಷನ್ ಒಂದೂವರೆ ಮೈಲಿ. ವಿಲ್ಫ್ರೆಡ್ ಊರೆಲ್ಲ ಸುತ್ತಿ ಮುಕ್ಕಾಲು ಗಂಟೆ ತೆಗೆದುಕೊಂಡ. ಎಂಜಿನ್ನಿನ ಸದ್ದು ಕೇಳುತ್ತಾ ಒಬ್ಬನೇ ಅತ್ತ.

ರೈಲಿಳಿದು ಬಂದ ಹೊಸ ಮಾಲೀಕ ಕೀಲಿ ಇಸಿದುಕೊಂಡು ಅನುಮಾನದಿಂದ ಕೇಳಿದ, “ನಿಜ ಹೇಳಿ, ಗಾಡಿ ಹೇಗಿದೆ?”

“ಇದರಂಥಾ ಕಾರು ಇನ್ನೊಂದಿಲ್ಲ ಸ್ವಾಮಿ,” ಎಂದ ವಿಲ್ಫ್ರೆಡ್.

ಆತ ಈ ಮಾತನ್ನು ಕೂಡಲೇ ನಂಬಿ, ಖುಷಿಯಾಗಿ ಕಾರು ಹೊರಡಿಸಿಕೊಂಡು ಹೋದ.