ಎಡಕ್ಕೆ ಮಾತ್ರ ತಿರುಗುವ ಕಾರು

ಅಂದಿನ ರಗಳೆ ಶುರುವಾದದ್ದು ಒಂದು ಮೋಟು ಪೆನ್ಸಿಲ್ಲಿನಿಂದ.

ಡ್ರಾಯಿಂಗ್ ಮೇಷ್ಟ್ರು ತಮ್ಮ ತಂದೆಯ ಕಾಲದ ಕಾರಿಗೆ ಹೊಸ ಕಾಲದ ಎಂಜಿನ್ ಕೂರಿಸಿ ಹದಿನೈದು ದಿನವಾಗಿತ್ತು. ಕಾರು ಮಾತ್ರ ಅಂಗಳ ಬಿಟ್ಟು ಕದಲಿರಲಿಲ್ಲ, ಮೇಷ್ಟ್ರು ಶಾಲೆಗೆ ಸ್ಕೂಟರಿನಲ್ಲೇ ಹೋಗಿ ಬರುತ್ತಿದ್ದರು. ಅಂದು ಬೆಳಗ್ಗೆ ಹೆಂಡತಿ ಕಡ್ಡಿ ಮುರಿದಂತೆ ಹೇಳಿಬಿಟ್ಟಳು: "ನಾಲ್ಕು ಗಂಟೆಗೆ ಅಮ್ಮನ್ನ ಕಣ್ಣಾಸ್ಪತ್ರೆಗೆ ಕರ್ಕೊಂಡು ಹೋಗ್ಬೇಕು. ಇದ್ರಲ್ಲಿ ಹೋದ್ರೆ ಸರಿ. ಇಲ್ಲಾಂದ್ರೆ ಆರು ಗಂಟೆಗೆ ಗುಜರಿಯವನು ಬರ್ತಾನೆ, ಹೇಳಿಟ್ಟಿದ್ದೀನಿ."

ಮೇಷ್ಟ್ರು ತಕ್ಷಣ ಮೆಕ್ಯಾನಿಕ್‌ಗೆ ಫೋನ್ ಮಾಡಿದರು. ಆ ಕಾರಿನ ಹಿಂದಿನ ಸೀಟಿನಲ್ಲಿ ನಿದ್ದೆ ಮಾಡಿಯೇ ಅವರು ದೊಡ್ಡವರಾದದ್ದು. ಅದನ್ನು ತಕ್ಕಡಿಗೆ ಹಾಕುವುದನ್ನು ಅವರು ಒಪ್ಪುವಂತೆಯೇ ಇರಲಿಲ್ಲ.

ಮಧ್ಯಾಹ್ನ ಮೆಕ್ಯಾನಿಕ್ ಕೊನೆಯ ಪೈಪು ಜೋಡಿಸಿ ಊಟಕ್ಕೆ ಹೋದ. ಅವನು ಅತ್ತ ಹೋದ, ಪಕ್ಕದ ಮನೆಯ ಪೈಪ್ ಸಾಹೇಬರು ಇತ್ತ ಹಾಜರಾದರು. ನೀರು ಸರಬರಾಜು ಇಲಾಖೆಯಲ್ಲಿ ಮೂವತ್ತೈದು ವರ್ಷ ದುಡಿದು ನಿವೃತ್ತರಾಗಿದ್ದ ಅವರಿಗೆ ಎಲ್ಲಿ ಪೈಪು ಕಂಡರೂ ಕೈ ಸುಮ್ಮನಿರುತ್ತಿರಲಿಲ್ಲ.

"ಇದೇನ್ರೀ ಮೇಷ್ಟ್ರೇ, ಎರಡು ಪೈಪು?"

"ಒಂದು ಪೆಟ್ರೋಲ್ ಕೊಡೋದಕ್ಕೆ, ಇನ್ನೊಂದು ರಿಟರ್ನು. ಹೊಸ ಪಂಪು ಜೋರಾಗಿ ತಳ್ಳುತ್ತೆ. ಎಂಜಿನ್ ಕುಡಿದು ಮಿಕ್ಕಿದ್ದು ಟ್ಯಾಂಕಿಗೇ ವಾಪಸ್ ಬರುತ್ತೆ."

"ನನ್ನ ಇಡೀ ಸರ್ವೀಸಿನಲ್ಲಿ ನಲ್ಲಿಗೆ ಹೋದ ನೀರು ಟ್ಯಾಂಕಿಗೆ ವಾಪಸ್ ಬಂದಿದ್ದು ನೋಡಿಲ್ಲ. ಇದು ಸೋರಿಕೆ ಕಣ್ರೀ, ಶುದ್ಧ ಸೋರಿಕೆ!"

ಮೇಷ್ಟ್ರು ಅಂಗಿ ಬದಲಾಯಿಸಲು ಒಳಗೆ ಹೋದದ್ದೇ ತಡ, ಸಾಹೇಬರು ರಿಟರ್ನ್ ಪೈಪು ಬಿಚ್ಚಿ, ಅಲ್ಲೇ ಬಿದ್ದಿದ್ದ ಮೋಟು ಪೆನ್ಸಿಲ್ ತುರುಕಿ, ಕ್ಲಿಪ್ ಬಿಗಿದು ಪರೋಪಕಾರ ಮುಗಿಸಿದರು. ಮೇಷ್ಟ್ರು ಬಂದು ಕೀಲಿ ತಿರುಗಿಸಿದರೆ, ಕಾರು ಕೆಮ್ಮಿ ಕೆಮ್ಮಿ ಅಂಗಳದ ತುಂಬಾ ಕರಿಹೊಗೆ ಕಾರಿತು. ಒಣಗಲು ಹಾಕಿದ್ದ ಬಿಳಿ ಬಟ್ಟೆಗಳೆಲ್ಲ ಒಲೆಯ ಮಸಿ ಒರೆಸಿದ ಅರಿವೆಗಳಾದವು. ಕಿಟಕಿಯಲ್ಲಿ ಹೆಂಡತಿ ಗಡಿಯಾರ ನೋಡಿಕೊಂಡಳು.

ಊಟ ಅರ್ಧಕ್ಕೇ ಬಿಟ್ಟು ಓಡಿಬಂದ ಮೆಕ್ಯಾನಿಕ್ ಪೆನ್ಸಿಲನ್ನು ಹೊರಗೆಳೆದು ಸಾಹೇಬರ ಕೈಗಿತ್ತ. ಅಷ್ಟಕ್ಕೆ ಬಿಡದೆ ಮೇಷ್ಟ್ರಿಗೂ ಬಿಸಿ ಮುಟ್ಟಿಸಿದ.

"ಟ್ಯಾಂಕೂ ಬದಲಾಯಿಸಿ ಅಂತ ಬಡ್ಕೊಂಡೆ. ಅಪ್ಪನ ಕಾಲದ್ದು ಅಂತ ಬಿಡ್ಲಿಲ್ಲ ನೀವು. ಒಳಗೆ ಅಡ್ಡಗೋಡೆ ಇಲ್ಲ. ಬಲಕ್ಕೆ ತಿರುಗಿಸಿದ್ರೆ ಪೆಟ್ರೋಲೆಲ್ಲ ಎಡಮೂಲೆಗೆ ಓಡುತ್ತೆ, ಬಲಮೂಲೆಯಲ್ಲಿರೋ ಪಂಪು ಬರೀ ಗಾಳಿ ಕುಡಿಯುತ್ತೆ. ಹಳೇ ಎಂಜಿನ್ ಒಂದು ಗುಟುಕು ಬಾಯಲ್ಲಿಟ್ಕೊಂಡಿರ್ತಿತ್ತು, ತಡ್ಕೊಳ್ತಿತ್ತು. ಇದು ಅಲ್ಲೇ ನಿಂತುಬಿಡುತ್ತೆ."

"ಟ್ಯಾಂಕ್ ಪೂರ್ತಿ ತುಂಬಿಸಿದ್ರೆ?"

"ಮೇಲಿನರ್ಧ ತುಕ್ಕು ತಿಂದು ಜರಡಿ ಆಗಿದೆ. ಹೊಸದು ಮಾಡಿಸೋಕೆ ಎರಡು ತಿಂಗಳು ಬೇಕು."

"ಎಡಕ್ಕೆ ತಿರುಗಿದ್ರೆ?"

"ಎಡಕ್ಕೆ ಏನೂ ಆಗಲ್ಲ."

ಮೇಷ್ಟ್ರಿಗೆ ಹೋದ ಜೀವ ಬಂದಂತಾಯಿತು. ಪಾಪಪ್ರಜ್ಞೆಯಿಂದ ಕುಗ್ಗಿದ್ದ ಸಾಹೇಬರು ತಾವಾಗಿಯೇ ಮುಂದಿನ ಸೀಟು ಹತ್ತಿದರು. "ಈ ಊರಿನ ಒಂದೊಂದು ರಸ್ತೆಯನ್ನೂ ಅಗೆಸಿದವನು ನಾನು. ಎಡಕ್ಕೇ ತಿರುಗಿ ಆಸ್ಪತ್ರೆ ಮುಟ್ಟಿಸ್ತೀನಿ, ನಡೀರಿ."

ಬಲಕ್ಕೆ ಒಂದು ಸಲ ತಿರುಗುವ ಕಡೆ ಎಡಕ್ಕೆ ಮೂರು ಸಲ ತಿರುಗುತ್ತಾ ಕಾರು ಗಾಣದ ಎತ್ತಿನಂತೆ ಊರು ಸುತ್ತಿತು. ಹಿಂದೆ ಕೂತಿದ್ದ ಅತ್ತೆ ಮುಂದಕ್ಕೆ ಬಗ್ಗಿದರು.

"ಅಳಿಯಂದಿರೇ, ಆಸ್ಪತ್ರೆ ಬೋರ್ಡು ಮೂರನೇ ಸಲ ಕಾಣ್ತಾ ಇದೆ. ಪೊರೆ ಬಂದಿರೋ ನನ್ನ ಕಣ್ಣಿಗೇ ಕಾಣುತ್ತೆ, ನಿಮಗೆ ಕಾಣಲ್ವಾ?"

ಮೇಷ್ಟ್ರು ಅಳುಮೋರೆ ಮಾಡಿಕೊಂಡು ನಿಜ ಹೇಳಿದರು. ಅತ್ತೆ ಸೆರಗು ಬಾಯಿಗಿಟ್ಟುಕೊಂಡು ನಕ್ಕೇ ನಕ್ಕರು. "ಅವಳಿಗೆ ನಾನು ಹೇಳಲ್ಲ ಬಿಡಿ" ಎಂದರು.

ನಾಲ್ಕಕ್ಕೆ ಎರಡು ನಿಮಿಷ ಇರುವಾಗ ಕಾರು ಆಸ್ಪತ್ರೆಯ ಬಾಗಿಲಲ್ಲಿ ನಿಂತಿತು. ಅತ್ತೆ ಅಲ್ಲಿಂದಲೇ ಮಗಳಿಗೆ ಫೋನ್ ಮಾಡಿ, "ನಿನ್ನ ಗಂಡನ ಕಾರು ಹೂವಿನ ಹಾಗೆ ಓಡುತ್ತೆ ಕಣೇ, ಇಂಥ ಗಾಡಿನಾ ಮಾರ್ತಾರಾ?" ಎಂದು ಗದರಿದರು. ಮೇಷ್ಟ್ರಿಗೆ ಅತ್ತೆಯ ಕಾಲಿಗೆ ಬೀಳಬೇಕೆನಿಸಿತು. ಮತ್ತೆ ಎಡಕ್ಕೆ ತಿರುಗುತ್ತಾ ತಿರುಗುತ್ತಾ, ಶಿಳ್ಳೆ ಹಾಕಿಕೊಂಡೇ ಮನೆ ಸೇರಿದರು. ಗುಜರಿಯವನು ಬಂದು ಹೋಗಿಯಾಗಿತ್ತು.

"ನಿಮ್ಮ ಕಾರಿಗೆ ಇನ್ನು ನಾನೇನೂ ಅನ್ನಲ್ಲ" ಎಂದಳು ಹೆಂಡತಿ, ಎಂದೂ ಇಲ್ಲದ ನಗುಮೊಗದಿಂದ. "ಅಷ್ಟು ಚೆನ್ನಾಗಿ ಓಡೋ ಕಾರಿದ್ದ ಮೇಲೆ ಇನ್ನೊಂದು ಗಾಡಿ ಯಾಕೆ? ಪಾಪ, ಬಂದವನನ್ನ ಬರಿಗೈಲಿ ಕಳಿಸೋದು ಬೇಡ ಅಂತ ನಿಮ್ಮ ಸ್ಕೂಟರ್ ಕೊಟ್ಟುಬಿಟ್ಟೆ. ನಾಳೆಯಿಂದ ಶಾಲೆಗೆ ಕಾರಲ್ಲೇ ಹೋಗಿ, ಜಂಬವಾಗಿ."

ಶಾಲೆ ದೂರವೇನಲ್ಲ. ದಾರಿಯಲ್ಲಿ ಇರುವುದು ಎರಡೇ ತಿರುವು, ಎರಡೂ ಬಲಕ್ಕೆ.

ಪೈಪ್ ಸಾಹೇಬರು ಮೇಷ್ಟ್ರ ಹೆಗಲ ಮೇಲೆ ಕೈ ಹಾಕಿ ಪಿಸುಗುಟ್ಟಿದರು. "ಯೋಚನೆ ಮಾಡ್ಬೇಡಿ ಮೇಷ್ಟ್ರೇ. ಏಳಕ್ಕೆಲ್ಲ ಮನೆ ಬಿಟ್ರೆ ಮೊದಲನೇ ಗಂಟೆಗೆ ಸರಿಯಾಗಿ ಮುಟ್ಟಿಸ್ತೀನಿ. ಎರಡು ತಿಂಗಳು ತಾನೇ? ದಿನಾ ನಾನೂ ಬರ್ತೀನಿ."