ಎರಡು ಬೀಗದ ದೊಡ್ಡಿಯಲ್ಲಿರುವ ಚೆಲುವಿ ಎಮ್ಮೆಯವರ ಸನ್ನಿಧಾನಕ್ಕೆ

ಮೇಲ್ಕೊಪ್ಪಲು, ೧೯೬೧

ಮಾನ್ಯ ಚೆಲುವಿ ಎಮ್ಮೆಯವರೇ,

ಕೊಂಬಿನಿಂದ ಬಾಲದ ಕುಚ್ಚಿನವರೆಗೆ ತಮಗೆ ನಮಸ್ಕಾರಗಳು. ಕೊಣನೂರಿನ ಕಾಫಿ ಹೋಟೆಲಿಗೆ ಹಾಲು ಹಾಕಿ ಬದುಕುತ್ತಿರುವ ಮಾದಮ್ಮನವರ ಕೊಟ್ಟಿಗೆಯಿಂದ ಹೊರಟ ತಾವು, ಹಿಂಗಾಲು ನಮ್ಮೂರಿನ ಹುರುಳಿ ಹೊಲದಲ್ಲೂ ಮುಂಗಾಲು ಕೆಳಕೊಪ್ಪಲಿನ ಹೊಲದಲ್ಲೂ ಇಟ್ಟು ಮೇಯ್ದು, ಎರಡು ಪಂಚಾಯಿತಿಗಳು ಖರ್ಚನ್ನು ಸಮಪಾಲು ಮಾಡಿಕೊಂಡು ಬೆಳೆ ಮೇಯ್ದ ದನಗಳನ್ನು ಕೂಡಿಹಾಕಲೆಂದು ಕಟ್ಟಿಸಿದ ದನದ ದೊಡ್ಡಿಯನ್ನು ಮೊಟ್ಟಮೊದಲು ಪ್ರವೇಶಿಸಿದ ಕೀರ್ತಿಗೆ ಪಾತ್ರರಾಗಿದ್ದೀರಿ.

ಇಂದಿಗೆ ನಾಲ್ಕು ದಿನ. ಗೋಡೆ ನಮ್ಮದು, ಬಾಗಿಲು ಅವರದು. ಗೋಡೆಯ ಮೇಲಿಂದ ಒಂದು ದಿನ ಎಸೆಯುವ ಹುಲ್ಲು ನಮ್ಮದು, ಮರುದಿನ ಇಳಿಸುವ ನೀರು ಅವರದು. ಒಬ್ಬರನ್ನೊಬ್ಬರು ನಂಬದ ಕಾರಣ ಬೀಗ ಮಾತ್ರ ಎರಡು. ಒಂದರ ಬೀಗದ ಕೈ ನಮ್ಮ ಛೇರ್ಮನ್ ಷಡಕ್ಷರಿಯವರ ಉಡಿದಾರದಲ್ಲಿ, ಇನ್ನೊಂದರದು ಅವರ ಛೇರ್ಮನ್ ತಮ್ಮಯ್ಯನವರ ಜೇಬಿನಲ್ಲಿ. ಇಬ್ಬರೂ ಒಟ್ಟಿಗೆ ಬಂದು ತೆಗೆಯಬೇಕೆಂದು ಠರಾವಿದೆ. ಮೊದಲು ಬಂದವರು ಯಾರಿಗಾಗಿ ಕಾಯಬೇಕೆಂದು ಬರೆಯುವುದು ಮರೆತುಹೋಗಿದೆ. ಆದ್ದರಿಂದ ಇಬ್ಬರೂ ತಂತಮ್ಮ ಜಗುಲಿಯ ಮೇಲೆ ಕೂತು, ಅವರು ಹೊರಟ ಮೇಲೆ ಹೇಳಿ ಎಂದು ಘನತೆಯಿಂದ ಕಾಯುತ್ತಿದ್ದಾರೆ.

ಮಾದಮ್ಮನವರು ಎರಡು ಜಗುಲಿಗೂ ಅಲೆದದ್ದಾಯಿತು. ನಾಳೆಯೂ ಹಾಲು ಬಾರದಿದ್ದರೆ ಬೇರೆ ಕಡೆ ಹಾಲಿನ ವರ್ತನೆ ಗೊತ್ತುಮಾಡಿಕೊಳ್ಳುತ್ತೇವೆಂದು ಹೋಟೆಲಿನವರು ಹೇಳಿಕಳಿಸಿದ್ದಾರೆ. ನಿನ್ನೆ ಆಕೆ ತಮ್ಮಯ್ಯನವರ ಮುಂದೆ ನಿಂತು ಅಂದದ್ದಿಷ್ಟೇ: “ಎಳೆಗರ ನಾಕ್ ದಿನದಿಂದ ಅರಚ್ತಾ ಅದೆ ಸಾ. ಅದುಕ್ಕೆ ನಿಮ್ ಠರಾವು ಓದಕ್ ಬರಾಕಿಲ್ಲ.” ಹಾಗಿದ್ದರೆ ಕರುವಿನ ಹೆಸರಿನಲ್ಲಿ ಬೇರೆ ಅರ್ಜಿ ಕೊಡಿಯೆಂದು ಅಪ್ಪಣೆಯಾಯಿತಂತೆ.

ಆದಕಾರಣ ತಮ್ಮಲ್ಲಿ ಬಿನ್ನಹ. ಹುಲ್ಲು ಬರುವ ದಿನ ಹಸಿವನ್ನೂ ನೀರು ಬರುವ ದಿನ ಬಾಯಾರಿಕೆಯನ್ನೂ ಇಟ್ಟುಕೊಳ್ಳತಕ್ಕದ್ದು. ಸಗಣಿಯನ್ನು ಎರಡೂ ಪಂಚಾಯಿತಿಗೆ ಸಮನಾಗಿ ಸಲ್ಲುವಂತೆ ನಟ್ಟನಡುವೆ ಹಾಕತಕ್ಕದ್ದು. ಇದಾವುದೂ ಆಗದಿದ್ದರೆ, ಗೋಡೆ ಮೆತ್ತುವ ಖರ್ಚು ಯಾರ ಪಾಲಿಗೂ ಸೇರದೆ ಪಡುವಣ ಮೂಲೆಯ ಮಣ್ಣು ಇನ್ನೂ ಸಡಿಲವಾಗಿಯೇ ಇದೆ ಎಂಬುದನ್ನು, ಯಾವ ದುರುದ್ದೇಶವೂ ಇಲ್ಲದೆ, ತಮ್ಮ ಕೊಂಬುಗಳ ಗಮನಕ್ಕೆ ತರುತ್ತೇನೆ.

ತಮ್ಮ ಹಾಲಿನ ಕಾಫಿ ಕುಡಿದು ಬೆಳೆದ, ತಮ್ಮ ವಿಶ್ವಾಸಿ,
ಹೈಸ್ಕೂಲು ಮುಗಿಸಿ ಸುಮ್ಮನಿರುವ ಮಂಚಯ್ಯ

ತಾ. ಕ.: ಇದನ್ನು ದೊಡ್ಡಿಯ ಬಾಗಿಲಿಗೆ ಅಂಟಿಸಲು ಗೋಂದು ಕಲಸುವಷ್ಟರಲ್ಲಿ ತಾವು ಪಡುವಣ ಮೂಲೆಗೆ ಒರಗಿ, ಗೋಡೆ ಕೆಡವಿ, ಮನೆ ಸೇರಿ ಕರುವಿಗೆ ಮೊಲೆ ಕೊಟ್ಟಿರೆಂದು ತಿಳಿದು ಸಂತೋಷವಾಯಿತು. ಸುದ್ದಿ ಕೇಳಿದ ಛೇರ್ಮನ್ನರಿಬ್ಬರೂ ಮೊದಲ ಸಲ ಒಟ್ಟಿಗೇ ಓಡಿಬಂದರು. ಎರಡೂ ಬೀಗ ತೆಗೆದು ಒಳಹೊಕ್ಕು, ತಾವಿಲ್ಲವೆಂಬುದನ್ನು ಮೂಲೆಮೂಲೆಯಲ್ಲೂ ಖಾತ್ರಿ ಮಾಡಿಕೊಂಡು, ಬಿದ್ದ ಗೋಡೆಯ ಸಂದಿನಿಂದಲೇ ಈಚೆ ಬಂದು, ಸುತ್ತಿಕೊಂಡು ಹೋಗಿ, ಬಾಗಿಲಿಗೆ ಮತ್ತೆ ಎರಡೂ ಬೀಗ ಹಾಕಿದರು.